ಗುಂಡಿ ತೋಡದೆ ಇಂಗಾಲ ಎಣಿಸುವವರು

— ಪತ್ರಿಕೆಯ ಈ ಸುದ್ದಿ ಓದಮ್ಮ. ಉಪಗ್ರಹದ ರೇಡಾರಿನಿಂದ ಉತ್ತರಧ್ರುವದ ಸುತ್ತಲಿನ ಮಣ್ಣಿನ ಇಂಗಾಲ ಅಳೀತಾರಂತೆ. ನಾನು ಮಣ್ಣು ಪರೀಕ್ಷೆಯ ಲ್ಯಾಬಿನಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನು. ಒಂದು ಗ್ರಾಂ ಮಣ್ಣು ತೂಗಿ, ಪೊಟ್ಯಾಸಿಯಂ ಡೈಕ್ರೋಮೇಟ್ ಹಾಕಿ, ಗಂಧಕಾಮ್ಲ ಸುರಿದು, ಅರ್ಧ ಗಂಟೆ ಬಿಟ್ಟು, ಆಮೇಲೆ ಬ್ಯುರೆಟ್ಟಿನಿಂದ ಹನಿ ಹನಿ ಬಿಡ್ತಾ ಬಣ್ಣ ಹಸಿರಿಗೆ ತಿರುಗೋದನ್ನ ಕಾಯ್ತಿದ್ವಿ. ಅಷ್ಟು ಮಾಡಿದ್ರೂ ಎರಡು ಸಲಕ್ಕೆ ಎರಡು ಉತ್ತರ ಬರ್ತಿತ್ತು. ಎಂಟುನೂರು ಕಿಲೋಮೀಟರ್ ಮೇಲೆ ಸುತ್ತೋ ಯಂತ್ರಕ್ಕೆ ಯಾವ ಬಣ್ಣ ಕಾಣುತ್ತೆ?

— ಯಾವ ಬಣ್ಣವೂ ಕಾಣಲ್ಲ ದೊಡ್ಡಪ್ಪ. ಇಂಗಾಲವೂ ಕಾಣಲ್ಲ. ರೇಡಾರಿಗೆ ಇಂಗಾಲ ಅನ್ನೋದು ಗೊತ್ತೇ ಇಲ್ಲ.

— ಮತ್ತೆ ಅಳೀತಾರೆ ಅಂತ ಯಾಕೆ ಹಾಕಿದ್ದಾರೆ?

— ಪತ್ರಿಕೆಯವರು ಹಾಕ್ತಾರೆ. ಕೆಲಸ ಮಾಡಿದವರು ಅಂದಾಜು ಅಂತಲೇ ಬರೆದಿದ್ದಾರೆ. ಆಸ್ಟ್ರಿಯಾದಲ್ಲಿ ಕೆಲಸ ಮಾಡುವ ಆನೆಟ್ ಬಾರ್ಚ್ ಮತ್ತು ಜೊತೆಗಾರರು 2016ರಲ್ಲಿ ಪ್ರಕಟಿಸಿದ ಪ್ರಬಂಧ ಇದಕ್ಕೆ ಮೂಲ. ಅದರ ತಲೆಬರಹವೇ ಒಂದು ಪ್ರಶ್ನೆ: ಸಿ-ಬ್ಯಾಂಡ್ ರೇಡಾರಿನಿಂದ ಟಂಡ್ರಾ ಮಣ್ಣಿನ ಇಂಗಾಲ ಅಂದಾಜು ಮಾಡೋಕೆ ಆಗುತ್ತಾ ಅಂತ. ಟಂಡ್ರಾ ಅಂದ್ರೆ ಮರ ಬೆಳೆಯದ ಆ ಉತ್ತರದ ಚಳಿನೆಲ.

— ತಲೆಬರಹದಲ್ಲೇ ಅನುಮಾನ ಇಟ್ಟುಕೊಂಡವರ ಮಾತು ಕೇಳಬಹುದು. ಆದ್ರೆ ರೇಡಾರು ಆಮೇಲೆ, ಮೊದಲು ಮಣ್ಣು ಹೇಳು. ನಮ್ಮಲ್ಲಿ ಸಾವಯವ ಇಂಗಾಲ ಶೇಕಡಾ 0.5ಕ್ಕಿಂತ ಕೆಳಗಿದ್ರೆ ‘ಕಡಿಮೆ’, 0.75 ದಾಟಿದ್ರೆ ‘ಹೆಚ್ಚು’ ಅಂತ ಕಾರ್ಡಿನ ಮೇಲೆ ಬರೀತಿದ್ವಿ. ಬಯಲುಸೀಮೆಯ ಕೆಂಪು ಮಣ್ಣಿಗೆ ‘ಹೆಚ್ಚು’ ಅಂತ ಬರೆಯೋ ಯೋಗ ಅಪರೂಪ. ಅಲ್ಲಿ ಎಷ್ಟು?

— ಮೇಲಿನ ಪದರದಲ್ಲಿ 20, 30. ಪೀಟ್, ಅಂದ್ರೆ ಪೂರ್ತಿ ಕೊಳೆಯದೆ ರಾಶಿಬಿದ್ದ ಸಸ್ಯದ ಪದರ, ಇರೋ ಕಡೆ 40ರ ಮೇಲೂ ಬರುತ್ತೆ.

— ಅಂದ್ರೆ ನಮ್ಮ ಅರವತ್ತು ಎಪ್ಪತ್ತು ಪಟ್ಟು!

— ಶೇಕಡಾವಾರಿನಲ್ಲಿ. ಬಲ್ಕ್ ಡೆನ್ಸಿಟಿ ಹಾಕಿದ ತಕ್ಷಣ ಆ ಪಟ್ಟು ಕುಸಿಯುತ್ತೆ. ಆ ಮಣ್ಣು ಅರೆಕೊಳೆತ ಹಾವಸೆ, ಬೇರು, ಎಲೆ. ಒಣಗಿಸಿದ್ರೆ ಕೈಲಿ ಭಾರವೇ ಸಿಗಲ್ಲ. ಘನ ಸೆಂಟಿಮೀಟರಿಗೆ 0.15 ಗ್ರಾಂ, ಇಂಗಾಲ ಶೇಕಡಾ 30, ಆಳ 30 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಚದರ ಮೀಟರಿಗೆ 13.5 ಕಿಲೋ. ನಿಮ್ಮ ಕೆಂಪು ಮಣ್ಣು 1.4 ಗ್ರಾಂ ತೂಗುತ್ತೆ, ಇಂಗಾಲ ಶೇಕಡಾ 0.5. ಚದರ ಮೀಟರಿಗೆ 2.1 ಕಿಲೋ.

— ಅರವತ್ತು ಪಟ್ಟು ಹೋಗಿ ಆರೂವರೆ ಪಟ್ಟಿಗೆ ಬಂತು. ಇದನ್ನ ಯಾರೂ ಪತ್ರಿಕೆಯಲ್ಲಿ ಬರೆಯಲ್ಲ ನೋಡು. ಅಷ್ಟೊಂದು ಹೇಗೆ ಸೇರಿತು ಅಲ್ಲಿ? ಅಲ್ಲಿ ಬೆಳೆಯೋದೇ ಏನು?

— ಬೆಳೆಯೋದು ಕಡಿಮೆಯೇ. ಆದ್ರೆ ಬೆಳೆದದ್ದು ಕೊಳೆಯಲ್ಲ. ವರ್ಷದ ಬಹುಪಾಲು ನೆಲ ಹೆಪ್ಪುಗಟ್ಟಿರುತ್ತೆ. ಬೇಸಿಗೆಯಲ್ಲಿ ಮೇಲಿನ ಪದರ ಮಾತ್ರ ಕರಗುತ್ತೆ. ಕೆಲವು ಕಡೆ 30 ಸೆಂಟಿಮೀಟರ್, ಕೆಲವು ಕಡೆ ಒಂದೆರಡು ಮೀಟರ್. ಅದರ ಕೆಳಗೆ ಪರ್ಮಾಫ್ರಾಸ್ಟ್. ಎರಡು ವರ್ಷವಾದರೂ ಬಿಡದೆ ಸೊನ್ನೆ ಡಿಗ್ರಿ ಅಥವಾ ಅದಕ್ಕೂ ಕೆಳಗೆ ಇರೋ ನೆಲಕ್ಕೆ ಆ ಹೆಸರು. ಆದ್ರೆ ಅಲ್ಲಿ ಹಲವು ಕಡೆ ಅದು ಸಾವಿರಾರು ವರ್ಷದಿಂದ ಕರಗಿಲ್ಲ. ಕರಗಿದ ನೀರು ಕೆಳಗೆ ಇಂಗೋಕೆ ದಾರಿ ಇಲ್ಲ, ಹಾಗಾಗಿ ಮೇಲಿನ ಪದರ ಕೆಸರಾಗಿ ನಿಲ್ಲುತ್ತೆ. ಚಳಿ ಒಂದು ಕಡೆ, ಗಾಳಿಯಾಡದ ಕೆಸರು ಇನ್ನೊಂದು ಕಡೆ. ಸೂಕ್ಷ್ಮಜೀವಿಗಳ ಕೈ ಕಟ್ಟಿದ ಹಾಗೆ. ಇನ್ನೂ ಒಂದಿದೆ. ಹೆಪ್ಪುಗಟ್ಟುವಾಗ ನೆಲ ಉಬ್ಬುತ್ತೆ, ಕರಗುವಾಗ ಕುಸಿಯುತ್ತೆ. ಶತಮಾನಗಟ್ಟಲೆ ಹೀಗೇ ನಡೆದು ಮೇಲಿನ ಕಪ್ಪು ಮಣ್ಣು ಸುರುಳಿ ಸುರುಳಿಯಾಗಿ ಕೆಳಗೆ ಹೋಗಿ ಪರ್ಮಾಫ್ರಾಸ್ಟಿನ ಹತ್ತಿರ ಸಿಕ್ಕಿಹಾಕಿಕೊಳ್ಳುತ್ತೆ.

— ನೇಗಿಲಿಲ್ಲದ ಉಳುಮೆ ಅನ್ನು.

— ಹಾಗೇ. ಅದಕ್ಕೇ ಅಲ್ಲಿ ಮೇಲಿನ ಒಂದು ಅಡಿ ನೋಡಿದ್ರೆ ಕಥೆ ಮುಗಿಯಲ್ಲ. ಪರ್ಮಾಫ್ರಾಸ್ಟ್ ವಲಯ ಪೂರ್ತಿ ಸೇರಿಸಿ, ಆಳದ ಹೂಳುಮಣ್ಣು, ನದೀಮುಖಜಭೂಮಿ ಎಲ್ಲ ಲೆಕ್ಕಕ್ಕೆ ತಗೊಂಡು, ಸ್ವೀಡನ್ನಿನ ಗುಸ್ತಾಫ್ ಹುಗೇಲಿಯಸ್ ಮತ್ತು ಜೊತೆಗಾರರು 2014ರಲ್ಲಿ ಹೇಳಿದ್ದು ಸುಮಾರು 1,30,000 ಕೋಟಿ ಟನ್ ಇಂಗಾಲ. ಇವತ್ತು ವಾತಾವರಣದಲ್ಲಿ ಇಂಗಾಲದ ಡೈಆಕ್ಸೈಡ್ ರೂಪದಲ್ಲಿರೋ ಇಂಗಾಲ 90,000 ಕೋಟಿ ಟನ್ನಿನ ಆಸುಪಾಸು.

— ಅವರ ಲೆಕ್ಕದಲ್ಲಿ ಹೆಚ್ಚುಕಡಿಮೆ ಎಷ್ಟು?

— ಆಚೆಗೆ ಈಚೆಗೆ 17,000 ಕೋಟಿ ಟನ್ನಿನ ಹತ್ತಿರ.

— ಆ ಹೆಚ್ಚುಕಡಿಮೆಯಲ್ಲೇ ಹತ್ತಾರು ದೇಶಗಳ ಹೊಗೆ ಮುಳುಗಿಹೋಗುತ್ತಲ್ಲ! ಎಷ್ಟು ಗುಂಡಿ ತೋಡಿ ಈ ಲೆಕ್ಕ ಹಾಕಿದರು?

— ಮೇಲಿನ ಒಂದು ಮೀಟರಿನ ಲೆಕ್ಕಕ್ಕೆ ಬಳಸಿದ್ದು ಎರಡು ಸಾವಿರಕ್ಕೂ ಕಡಿಮೆ ಗುಂಡಿ. ಪ್ರದೇಶ ಸುಮಾರು 1.8 ಕೋಟಿ ಚದರ ಕಿಲೋಮೀಟರ್.

— ತಡಿ, ತಡಿ. ಹತ್ತು ಸಾವಿರ ಚದರ ಕಿಲೋಮೀಟರಿಗೆ ಒಂದು ಗುಂಡಿ. ಕರ್ನಾಟಕ 1.92 ಲಕ್ಷ ಚದರ ಕಿಲೋಮೀಟರ್. ಅಂದ್ರೆ ಇಡೀ ರಾಜ್ಯಕ್ಕೆ ಹತ್ತೊಂಬತ್ತು ಗುಂಡಿ! ಜಿಲ್ಲೆಗೊಂದೂ ಬರಲ್ಲ. ಕರಾವಳಿ, ಮಲೆನಾಡು, ಎರೆ, ಕೆಂಪು ಎಲ್ಲ ಸೇರಿ ಹತ್ತೊಂಬತ್ತು. ನಮ್ಮ ಮೇಲಧಿಕಾರಿ ಮುಂದೆ ಆ ವರದಿ ಇಟ್ಟಿದ್ರೆ ಫೈಲನ್ನ ಮುಖದ ಮೇಲೆ ಎಸೀತಿದ್ದರು.

— ಅಲ್ಲಿನ ಗುಂಡಿಗಳು ಸಮನಾಗಿಯೂ ಹರಡಿಲ್ಲ. ಹೆಲಿಕಾಪ್ಟರ್ ಇಳಿಯೋ ಕಡೆ, ದೋಣಿ ಹೋಗೋ ನದಿ ದಂಡೆ, ಸಂಶೋಧನಾ ಕೇಂದ್ರದ ಸುತ್ತಮುತ್ತ ದಟ್ಟ. ನಡುವೆ ಸಾವಿರ ಕಿಲೋಮೀಟರ್ ಖಾಲಿ. ಖಾಲಿ ಜಾಗ ತುಂಬಿಸೋಕೆ ಮಣ್ಣಿನ ನಕ್ಷೆ ಇಟ್ಟುಕೊಳ್ತಾರೆ. ಈ ಜಾತಿ ಮಣ್ಣಿನ ಸರಾಸರಿ ಇಷ್ಟು, ಆ ಜಾತಿ ಇಷ್ಟು ವಿಸ್ತೀರ್ಣಕ್ಕಿದೆ, ಗುಣಿಸಿ ಕೂಡಿಸು. ನಕ್ಷೆಯಲ್ಲಿ ಒಂದು ತುಂಡಿಗೆ ಒಂದೇ ಬಣ್ಣ. ಆ ತುಂಡಿನೊಳಗೆ ಬಂಡೆ ಇದೆಯೋ ಬೋಗುಣಿ ಇದೆಯೋ ಕೇಳಬೇಡಿ.

— ಅವರನ್ನ ಬೈಯೋಕೂ ಮನಸ್ಸು ಬರಲ್ಲ. ಹೆಪ್ಪುಗಟ್ಟಿದ ನೆಲದಲ್ಲಿ ಗುಂಡಿ ತೋಡೋದು ಅಂದ್ರೆ ಹಾರೆ ಹಾಕಿದರೂ ಕಿಡಿ ಹಾರುತ್ತೇನೋ.

— ಉಕ್ಕಿನ ಕೊಳವೆಯನ್ನ ಸುತ್ತಿಗೆಯಿಂದ ಹೊಡೆದು ಹೊಡೆದು ಇಳಿಸ್ತಾರೆ. ಬಂದ ತುಂಡಿನ ಪರಿಮಾಣ ಸರಿಯಾಗಿ ಅಳೀಬೇಕು, ಯಾಕಂದ್ರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಂಜುಗಡ್ಡೆ ಇರಬಹುದು.

— ಸರಿ. ಈಗ ರೇಡಾರ್ ಹೇಳು.

— ಯುರೋಪಿನ ಎನ್ವಿಸ್ಯಾಟ್ ಅಂತ ಒಂದು ಉಪಗ್ರಹ ಇತ್ತು. 2002ರ ಮಾರ್ಚ್‌ನಲ್ಲಿ ಮೇಲೆ ಹೋಯ್ತು, 2012ರ ಏಪ್ರಿಲ್‌ನಲ್ಲಿ ಇದ್ದಕ್ಕಿದ್ದ ಹಾಗೆ ಮಾತು ನಿಲ್ಲಿಸಿತು. ಅದರ ರೇಡಾರು 5.6 ಸೆಂಟಿಮೀಟರ್ ಉದ್ದದ ಅಲೆ ಕಳಿಸ್ತಿತ್ತು. ಅದೇ ಸಿ-ಬ್ಯಾಂಡ್. ತಾನೇ ಅಲೆ ಕಳಿಸಿ ತಾನೇ ಕೇಳಿಸಿಕೊಳ್ಳೋದರಿಂದ ಬೆಳಕು ಬೇಡ, ಮೋಡ ಅಡ್ಡಿ ಇಲ್ಲ. ತಿಂಗಳುಗಟ್ಟಲೆ ಸೂರ್ಯನೇ ಹುಟ್ಟದ, ಹುಟ್ಟಿದಾಗ ಮೋಡ ಮುಚ್ಚಿಕೊಳ್ಳುವ ಸೀಮೆಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಭೂಮಿಯನ್ನೆಲ್ಲ ಒರಟಾಗಿ, ಒಂದೊಂದು ಕಿಲೋಮೀಟರ್ ಚೌಕದಲ್ಲಿ ನೋಡೋ ಒಂದು ವಿಧಾನ ಅದರಲ್ಲಿತ್ತು. ಬಾರ್ಚ್ ತಂಡ ಹಿಡಿದದ್ದು ಆ ಚಿತ್ರಗಳನ್ನ. ಅದೂ ಕಡು ಚಳಿಗಾಲದ್ದು.

— ಚಳಿಗಾಲದ್ದು ಯಾಕೆ? ಹಿಮದಡಿ ಮಣ್ಣೇ ಕಾಣದ ಕಾಲವಲ್ಲವಾ?

— ಇಲ್ಲೇ ಅವರ ಜಾಣತನ ಇರೋದು. ರೇಡಾರ್ ಅಲೆ ನೆಲಕ್ಕೆ ಬಡಿದಾಗ ಎಷ್ಟು ವಾಪಸ್ ಬರುತ್ತೆ ಅನ್ನೋದನ್ನ ಎರಡು ಸಂಗತಿ ತೀರ್ಮಾನ ಮಾಡುತ್ತೆ. ಒಂದು, ನೆಲದಲ್ಲಿ ದ್ರವರೂಪದ ನೀರು ಎಷ್ಟಿದೆ. ಇನ್ನೊಂದು, ಅಲೆಯ ಉದ್ದಕ್ಕೆ ಹೋಲಿಸಿದರೆ ನೆಲ ಎಷ್ಟು ಒರಟು, ಅದರ ಮೇಲೆ ಏನು ಬೆಳೆದಿದೆ. ನೀರಿನ ವಿದ್ಯುತ್ ಗುಣ ವಿಪರೀತ. ಡೈಎಲೆಕ್ಟ್ರಿಕ್ ಸ್ಥಿರಾಂಕ ಅಂತ ನೀವೂ ಓದಿರ್ತೀರಿ: ಒಣ ಮಣ್ಣಿಗೆ 3ರಿಂದ 5, ನೀರಿಗೆ 80ರ ಸುತ್ತ. ಹಾಗಾಗಿ ಬೇಸಿಗೆಯ ಚಿತ್ರದಲ್ಲಿ ನೀರೇ ಕೂಗ್ತಿರುತ್ತೆ. ನಿನ್ನೆ ಮಳೆ ಬಂದ್ರೆ ಒಂದು ಚಿತ್ರ, ಬರದಿದ್ರೆ ಇನ್ನೊಂದು. ಚಳಿಗಾಲದಲ್ಲಿ ಆ ನೀರು ಮಂಜುಗಡ್ಡೆ ಆದ ಕೂಡಲೇ 80 ಇದ್ದದ್ದು 3ಕ್ಕೆ ಇಳಿಯುತ್ತೆ. ನೀರು ಬಾಯಿ ಮುಚ್ಚುತ್ತೆ. ಮೇಲಿರೋ ಒಣ ಹಿಮವನ್ನ 5.6 ಸೆಂಟಿಮೀಟರಿನ ಅಲೆ ಹೆಚ್ಚು ಕಡಿಮೆ ಇಲ್ಲವೇ ಇಲ್ಲ ಅನ್ನೋ ಹಾಗೆ ದಾಟಿಹೋಗುತ್ತೆ. ಆಗ ಉಳಿಯೋದು ನೆಲದ ಒರಟುತನ ಮತ್ತು ಗಿಡಗಳ ರಚನೆ.

— ಒರಟುತನಕ್ಕೂ ಇಂಗಾಲಕ್ಕೂ ಏನು ನಂಟು?

— ನೇರ ನಂಟು ಏನೂ ಇಲ್ಲ. ಟಂಡ್ರಾದಲ್ಲಿ ಒಣ, ಗಾಳಿ ಹೊಡೆಯೋ ದಿಬ್ಬದ ಮೇಲೆ ಗಿಡ ಅಂದ್ರೆ ನೆಲಕ್ಕೆ ಅಂಟಿಕೊಂಡ ತೆಳು ಚರ್ಮ. ಒರಟುತನ ಕಡಿಮೆ, ಅಲೆ ವಾಪಸ್ ಬರೋದೂ ಕಡಿಮೆ. ಅಲ್ಲಿ ಕೂಡಿಟ್ಟ ಇಂಗಾಲವೂ ಕಡಿಮೆ. ತೇವದ ತಗ್ಗಿನಲ್ಲಿ ಹತ್ತಿಯಂಥ ಬಿಳಿ ತೆನೆ ಬಿಡೋ ಒಂದು ಹುಲ್ಲು ಗುಪ್ಪೆ ಗುಪ್ಪೆಯಾಗಿ ಬೆಳೆಯುತ್ತೆ, ನಡುವೆ ಹಾವಸೆ ಮೆತ್ತೆಯ ಹಾಗೆ ತುಂಬಿರುತ್ತೆ. ಅಲೆ ಅದರಲ್ಲಿ ಸಿಕ್ಕಿ ಚದುರಿ ಹೆಚ್ಚು ವಾಪಸ್ ಬರುತ್ತೆ. ಕೆಳಗೆ ಇಂಗಾಲವೂ ಹೆಚ್ಚು. ಗುಂಡಿ ತೋಡಿ ಅಳೆದ ಜಾಗಗಳ ಅಂಕಿಯನ್ನೂ ಚಳಿಗಾಲದ ಸಂಕೇತವನ್ನೂ ಪಕ್ಕಪಕ್ಕ ಇಟ್ಟಾಗ ಒಂದು ಗೆರೆ ಸಿಕ್ತು. ಆ ಗೆರೆ ಹಿಡಿದು ಮಿಕ್ಕ ಕಡೆಯೆಲ್ಲ ಲೆಕ್ಕ ಹಾಕಿದರು.

— ಬೆಳೆದದ್ದನ್ನ ನೋಡಿ ಮಣ್ಣು ಹೇಳೋದು. ಹಳೆಯ ರೈತರೂ ಜಮೀನು ಕೊಳ್ಳೋಕೆ ಹೋದಾಗ ಮೊದಲು ಬದುವಿನ ಮೇಲಿನ ಹುಲ್ಲು ನೋಡ್ತಿದ್ದರು, ಆಮೇಲೆ ಮಣ್ಣು ಹಿಡೀತಿದ್ದರು. ಇದರಲ್ಲಿ ತಪ್ಪೇನಿಲ್ಲ. ಆದ್ರೆ ಅವರು ಮಣ್ಣು ಹಿಡೀತಿದ್ದರು ಅನ್ನೋದನ್ನ ಮರೀಬೇಡ.

— ಮರೆತಿಲ್ಲ. ಇದರ ಇನ್ನೊಂದು ಗುಣ ಕೇಳಿ. ಅದೇ ಚಳಿಗಾಲದ ಚಿತ್ರಗಳಿಂದ 2015ರಲ್ಲಿ ಅದೇ ಬಳಗದವರು ಜೌಗುನೆಲದ ನಕ್ಷೆ ಮಾಡಿದ್ದರು. ಮರಗಳ ಗಡಿಯಿಂದ ಉತ್ತರಕ್ಕಿರೋ ನೆಲದಲ್ಲಿ ಶೇಕಡಾ 30ರಷ್ಟು ಜೌಗು ಅಂತ ಬಂತು. ಅಲ್ಲಿಯವರೆಗೆ ಇದ್ದ ನಕ್ಷೆಗಳಲ್ಲಿ ಅದು ಶೇಕಡಾ 1ರಿಂದ 7 ಮಾತ್ರ.

— ಒಂದೂ ಎಲ್ಲಿ, ಮೂವತ್ತೂ ಎಲ್ಲಿ!

— ಜೌಗು ಅಂದ್ರೆ ಮೀಥೇನ್ ಹೊರಡೋ ಜಾಗ. ಶೇಕಡಾ 1 ಅಂತ ಹಾಕಿದ ಹವಾಮಾನ ಮಾದರಿಗೂ 30 ಅಂತ ಹಾಕಿದ ಮಾದರಿಗೂ ಭವಿಷ್ಯ ಬೇರೆ ಬೇರೆ ಕಾಣುತ್ತೆ.

— ಇಂಗಾಲದ ಲೆಕ್ಕ ಕೊನೆಗೆ ಎಷ್ಟಾಯ್ತು ಹೇಳು.

— ಮರಗಳ ಗಡಿಯಿಂದ ಉತ್ತರಕ್ಕೆ, ಮೇಲಿನ 30 ಸೆಂಟಿಮೀಟರಿನಲ್ಲಿ ಕನಿಷ್ಠ 2,900 ಕೋಟಿ ಟನ್. ಮಣ್ಣಿನ ನಕ್ಷೆಯವರ ಲೆಕ್ಕಕ್ಕಿಂತ ಸುಮಾರು ಕಾಲು ಭಾಗ ಕಡಿಮೆ.

— ಯಾರದ್ದು ಸರಿ?

— ಕನಿಷ್ಠ ಅನ್ನೋ ಮಾತು ಕೇಳಿಸಿಕೊಂಡ್ರಾ? ಗೆರೆ ಎರಡು ಕಡೆ ನಿಲ್ಲಲ್ಲ ಅಂತ ಅವರೇ ಹೇಳಿದ್ದಾರೆ. ಪೀಟ್ ನೆಲದಲ್ಲಿ ನಿಲ್ಲಲ್ಲ. ಉಬ್ಬಿ ಕುಸಿದು ಮಗುಚಿಕೊಂಡ ಮಣ್ಣಿನಲ್ಲಿ ನಿಲ್ಲಲ್ಲ.

— ಅಲ್ಲ ಮಾರಾಯ್ತಿ, ಇಂಗಾಲ ಇರೋದೇ ಆ ಎರಡರಲ್ಲಿ ಅಂತ ಈಗ ತಾನೇ ನನಗೆ ಪಾಠ ಹೇಳಿದೆಯಲ್ಲ! ದುಡ್ಡಿರೋ ಎರಡು ಪೆಟ್ಟಿಗೆ ಬಿಟ್ಟು ಮನೆಯೆಲ್ಲ ಹುಡುಕಿದ ಹಾಗಾಯ್ತು.

— ಅದೇ ಇದರ ದೊಡ್ಡ ಕೊರತೆ, ಒಪ್ಪಬೇಕಾದ್ದೇ. 5.6 ಸೆಂಟಿಮೀಟರ್ ಅಲೆಗೆ ಪೀಟ್ 30 ಸೆಂಟಿಮೀಟರ್ ದಪ್ಪ ಇದ್ದರೂ ಒಂದೇ, ಮೂರು ಮೀಟರ್ ಇದ್ದರೂ ಒಂದೇ. ಮೇಲಿನ ರೂಪ ಬದಲಾಗಲ್ಲ. ಮಗುಚಿದ ಮಣ್ಣಿನ ಕಥೆಯೂ ಅಷ್ಟೇ, ಒಳಗಿನ ಸುರುಳಿ ಹೊರಗೆ ಗುರುತು ಬಿಟ್ಟಿರಲ್ಲ. ಆದ್ರೂ ಮಣ್ಣಿನ ನಕ್ಷೆಯವರದ್ದೇ ಸರಿ ಅಂತ ಅಲ್ಲ. ಅವರು ಒಂದು ತುಂಡಿಗೆ ಒಂದೇ ಸರಾಸರಿ ಬಳಿದಿದ್ದಾರೆ. ಬರಡು ದಿಬ್ಬಕ್ಕೂ ತಗ್ಗಿನ ಅಂಕಿ ಬಿದ್ದಿರುತ್ತೆ. ರೇಡಾರ್ ಕಡಿಮೆ ಹೇಳಿದ್ದರಲ್ಲಿ ಎಷ್ಟು ಭಾಗ ರೇಡಾರಿನ ಕುರುಡು, ಎಷ್ಟು ಭಾಗ ಹಳೆಯ ನಕ್ಷೆಯ ಔದಾರ್ಯ ಅನ್ನೋದನ್ನ ರೇಡಾರ್ ಒಂದರಿಂದಲೇ ಬಿಡಿಸೋಕೆ ಆಗಲ್ಲ.

— ಒಂದು ಕಡೆಯಾದರೂ ತಾಳೆ ನೋಡಿದ್ದಾರಾ?

— ನೋಡಿದ್ದಾರೆ. ಈಶಾನ್ಯ ಸೈಬೀರಿಯಾದಲ್ಲಿ ಏಳು ಕಿಲೋಮೀಟರ್ ಉದ್ದ, ಏಳು ಕಿಲೋಮೀಟರ್ ಅಗಲದ ಒಂದು ಜಾಗಕ್ಕೆ ಎರಡು ಮೀಟರ್ ಸೂಕ್ಷ್ಮತೆಯ ಭೂಹೊದಿಕೆ ನಕ್ಷೆ ಇತ್ತು. ಅದರಿಂದ ಬಂದ ಲೆಕ್ಕಕ್ಕೂ ಒಂದು ಕಿಲೋಮೀಟರ್ ಚೌಕದ ರೇಡಾರ್ ಲೆಕ್ಕಕ್ಕೂ ಹೊಂದಾಣಿಕೆ ಬಂತು. ಅಷ್ಟು ಒರಟು ಚಿತ್ರಕ್ಕೆ ಅದು ಸಣ್ಣ ಮಾತಲ್ಲ. ಅದಕ್ಕಿಂತ ನನಗೆ ಇಷ್ಟವಾದ್ದು ಇನ್ನೊಂದು. ವರ್ಷದಲ್ಲಿ ನೆಲ ಹೆಪ್ಪುಗಟ್ಟದೆ ಇರೋ ದಿನಗಳು ಹೆಚ್ಚಾದಷ್ಟೂ ರೇಡಾರ್ ಹೇಳೋ ಇಂಗಾಲ ಹೆಚ್ಚಾಗ್ತಾ ಹೋಗುತ್ತೆ.

— ಉಲ್ಟಾ ಆಗಬೇಕಿತ್ತಲ್ಲ? ಬೆಚ್ಚಗಿರೋ ದಿನ ಹೆಚ್ಚಾದ್ರೆ ಕೊಳೆಯೋದು ಹೆಚ್ಚು, ಉಳಿಯೋದು ಕಡಿಮೆ.

— ನಮ್ಮ ಸೀಮೆಯಲ್ಲಿ ಹಾಗೆ. ಅಷ್ಟು ಉತ್ತರದಲ್ಲಿ ಮೊದಲ ತೊಡಕು ಬೆಳೆಯೋದೇ. ಬೇಸಿಗೆ ಎರಡು ವಾರ ಉದ್ದ ಆದ್ರೆ ಗಿಡ ಹೆಚ್ಚು ಬೆಳೆಯುತ್ತೆ, ಕೆಳಗೆ ಇನ್ನೂ ಹೆಪ್ಪು ಇರೋದರಿಂದ ಕೊಳೆಯೋದು ಅಷ್ಟು ಹೆಚ್ಚಲ್ಲ. ಸಾವಿರಾರು ವರ್ಷದಲ್ಲಿ ಅದು ಸೇರ್ತಾ ಹೋಗಿದೆ.

— ಹಾಗಾದ್ರೆ ಭೂಮಿ ಬಿಸಿಯಾದ್ರೆ ಅಲ್ಲಿ ಇಂಗಾಲ ಜಾಸ್ತಿ ಸೇರುತ್ತೆ, ಚಿಂತೆ ಬೇಡ ಅಂತ ಯಾರಾದರೂ ವಾದ ಹೂಡಬಹುದು.

— ಹೂಡಬಹುದು, ನಿಲ್ಲಲ್ಲ. ನಕ್ಷೆ ತೋರಿಸೋದು ಸಾವಿರಾರು ವರ್ಷ ನಿಧಾನವಾಗಿ ಸೇರಿದ ದಾಸ್ತಾನು. ದಕ್ಷಿಣದ ಜಾಗದ ಇವತ್ತಿನ ಸ್ಥಿತಿ ಉತ್ತರದ ಜಾಗದ ನಾಳಿನ ಸ್ಥಿತಿ ಅಂತ ಓದೋಕೆ ಬರಲ್ಲ. ಹಳೆಯ ಹೆಪ್ಪು ಕರಗಿದಾಗ ಹೊರಗೆ ಹೋಗೋ ಇಂಗಾಲದ ವೇಗ ಬೇರೆ. ಇನ್ನು ಬೆಂಕಿ. 2007ರಲ್ಲಿ ಅಲಾಸ್ಕದ ಅನಕ್ಟುವುಕ್ ನದಿಯ ಹತ್ತಿರ ಸಿಡಿಲಿನಿಂದ ಹೊತ್ತಿದ ಬೆಂಕಿ ಸಾವಿರಕ್ಕೂ ಹೆಚ್ಚು ಚದರ ಕಿಲೋಮೀಟರ್ ಟಂಡ್ರಾ ಸುಟ್ಟಿತು. ಒಂದೇ ಬೆಂಕಿಯಿಂದ 21 ಲಕ್ಷ ಟನ್ ಇಂಗಾಲ ಹೋಯ್ತು. ಅಮೆರಿಕದ ಸಾಗರ ಮತ್ತು ವಾತಾವರಣ ಸಂಸ್ಥೆ ನೋವಾ ಪ್ರತಿ ಡಿಸೆಂಬರ್‌ನಲ್ಲಿ ಆರ್ಕ್ಟಿಕ್ ವರದಿ ಹೊರಡಿಸುತ್ತೆ. ಕಾಳ್ಗಿಚ್ಚಿನ ಹೊಗೆಯನ್ನೂ ಸೇರಿಸಿದರೆ ಆರ್ಕ್ಟಿಕ್ ಟಂಡ್ರಾ ಈಗ ಇಂಗಾಲ ಕೂಡಿಡೋ ಜಾಗವಾಗಿ ಉಳಿದಿಲ್ಲ, ಹೊರಬಿಡೋ ಜಾಗವಾಗಿದೆ ಅಂತ 2024ರ ವರದಿ ಬರೆಯಿತು.

— ಹಾಗಾದ್ರೆ ಪ್ರತಿ ವರ್ಷ ಇದೇ ರೇಡಾರ್ ನಕ್ಷೆ ಮಾಡಿ, ಹೋದ ವರ್ಷಕ್ಕಿಂತ ಎಷ್ಟು ಕಳೀತು ಅಂತ ನೋಡಬಹುದಲ್ಲ. ಅದೇ ತಾನೇ ಬೇಕಾಗಿರೋದು?

— ಬೇಕಾಗಿರೋದು ಅದೇ. ಆಗದೆ ಇರೋದೂ ಅದೇ. ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇಲ್ಲಿದೆ. ಆ ಗೆರೆ ಮರ ಪೊದೆ ಇಲ್ಲದ ನೆಲಕ್ಕೆ ಮಾತ್ರ ಹೊಂದೋದು. ಕಟ್ಟಿಗೆಯ ಕೊಂಬೆ ಬಂದ ಕೂಡಲೇ ಅಲೆ ಅದಕ್ಕೇ ಬಡಿದು ವಾಪಸ್ ಬರುತ್ತೆ. ಭೂಮಿ ಬಿಸಿಯಾದ ಹಾಗೆ ಅಲಾಸ್ಕ, ಕೆನಡ, ಸೈಬೀರಿಯಾದ ಟಂಡ್ರಾದಲ್ಲಿ ಹಲವು ಕಡೆ ಕುಳ್ಳ ಪೊದೆಗಳು ಹಬ್ಬುತ್ತಾ ಇವೆ. ಈಗ ಯೋಚಿಸಿ. ಕೆಳಗೆ ಹೆಪ್ಪು ಕರಗಿ ಇಂಗಾಲ ಹೋಗ್ತಾ ಇದೆ. ಮೇಲೆ ಪೊದೆ ಬಂದು ರೇಡಾರ್ ಸಂಕೇತ ಏರ್ತಾ ಇದೆ. ಕಣ್ಣು ಮುಚ್ಚಿ ಸೂತ್ರ ಹಾಕಿದವರಿಗೆ ಇಂಗಾಲ ಹೆಚ್ಚಾಯ್ತು ಅಂತ ಬರುತ್ತೆ.

— ಖಜಾನೆ ಖಾಲಿ, ಪಾಸ್‌ಬುಕ್ಕಿನಲ್ಲಿ ಬಡ್ಡಿ ಜಮಾ.

— ಹಾಗಾಗಿ ಇದು ಎಲ್ಲೆಲ್ಲಿ ಎಷ್ಟಿದೆ ಅನ್ನೋ ಪ್ರಶ್ನೆಗೆ ಉತ್ತರ. ಎಷ್ಟು ಹೋಗ್ತಿದೆ ಅನ್ನೋದಕ್ಕೆ ಬೇರೆ ದಾರಿ ಬೇಕು. ರೇಡಾರಿನಲ್ಲೇ ಇನ್ನೊಂದು ಉಪಾಯ ಇದೆ. ಒಂದೇ ಜಾಗವನ್ನ ಎರಡು ಸಲ ನೋಡಿ, ವಾಪಸ್ ಬಂದ ಅಲೆಯ ಹಂತ ಎಷ್ಟು ಸರಿದಿದೆ ಅಂತ ಲೆಕ್ಕ ಹಾಕಿದ್ರೆ ನೆಲ ಸೆಂಟಿಮೀಟರ್ ಲೆಕ್ಕದಲ್ಲಿ ಕುಸಿದದ್ದು ಗೊತ್ತಾಗುತ್ತೆ. ಅಲಾಸ್ಕದ ಉತ್ತರ ಇಳಿಜಾರಿನಲ್ಲಿ 1992ರಿಂದ 2000ದವರೆಗಿನ ಯುರೋಪಿಯನ್ ರೇಡಾರ್ ಚಿತ್ರಗಳನ್ನ ಹೀಗೆ ನೋಡಿದಾಗ, ಪ್ರತಿ ಬೇಸಿಗೆಗೆ ಒಂದರಿಂದ ನಾಲ್ಕು ಸೆಂಟಿಮೀಟರ್ ಇಳಿದು ಚಳಿಗಾಲಕ್ಕೆ ಏರೋದು ಕಾಣಿಸಿತು. ಅದರ ಜೊತೆಗೆ ದಶಕಕ್ಕೆ ಒಂದರಿಂದ ನಾಲ್ಕು ಸೆಂಟಿಮೀಟರ್ ಶಾಶ್ವತವಾಗಿ ಕುಸಿಯೋದೂ ಕಾಣಿಸಿತು. ಹಾಗೆ ಕುಸಿದದ್ದು ಮಂಜುಗಡ್ಡೆ ಕರಗಿದ ಗುರುತು. ಇಂಗಾಲದ ಅಳತೆ ಇದೂ ಅಲ್ಲ. ಆದ್ರೆ ಯಾವ ದಾಸ್ತಾನಿನ ಬೀಗ ತೆಗೀತಿದೆ ಅಂತ ಹೇಳುತ್ತೆ.

— ಪೀಟಿನ ಆಳಕ್ಕೆ ಇಳಿಯೋ ಅಲೆ ಇಲ್ಲವಾ?

— ಅಲೆ ಉದ್ದ ಆದಷ್ಟೂ ಒಳಗೆ ಇಳಿಯುತ್ತೆ, ಪೊದೆಯನ್ನೂ ಸ್ವಲ್ಪ ದಾಟುತ್ತೆ. 24 ಸೆಂಟಿಮೀಟರಿನದ್ದು ಎಲ್-ಬ್ಯಾಂಡ್, 70ರ ಸುತ್ತಿನದ್ದು ಪಿ-ಬ್ಯಾಂಡ್. ನಾಸಾದವರು 2017ರಿಂದ ಅಲಾಸ್ಕ ಮತ್ತು ವಾಯವ್ಯ ಕೆನಡದ ಮೇಲೆ ವಿಮಾನದಲ್ಲಿ ಈ ಎರಡನ್ನೂ ಹಾರಿಸಿ, ಕರಗಿದ ಪದರದ ದಪ್ಪ, ಅದರೊಳಗೆ ನೀರು ಮತ್ತು ಸಾವಯವ ಅಂಶ ಆಳಕ್ಕೆ ಹೋದ ಹಾಗೆ ಹೇಗೆ ಬದಲಾಗುತ್ತೆ ಅಂತ ಬಿಡಿಸೋ ಪ್ರಯತ್ನ ಮಾಡ್ತಿದ್ದಾರೆ. 2025ರ ಏಪ್ರಿಲ್ 29ರಂದು ಯುರೋಪಿನವರು ಬಯೋಮಾಸ್ ಅನ್ನೋ ಪಿ-ಬ್ಯಾಂಡ್ ಉಪಗ್ರಹವನ್ನೇ ಹಾರಿಸಿದರು. ಆದ್ರೆ ಅದು ಉತ್ತರ ಅಮೆರಿಕ ಮತ್ತು ಯುರೋಪಿನ ಮೇಲೆ ಚಿತ್ರ ತೆಗೆಯೋ ಹಾಗಿಲ್ಲ.

— ಯಾಕಂತೆ?

— ಅಮೆರಿಕದ ರಕ್ಷಣಾ ಇಲಾಖೆಯ ನೆಲದ ರೇಡಾರುಗಳೂ ಅದೇ ಅಲೆಯಲ್ಲಿ ಆಕಾಶ ಕಾಯ್ತಿವೆ. ಅದಕ್ಕೆ ಅಡ್ಡಿ ಆಗಬಾರದಂತೆ.

— ಅಲಾಸ್ಕವೂ ಹೋಯ್ತು, ಕೆನಡವೂ ಹೋಯ್ತು. ನಮ್ಮದೂ ಒಂದು ರೇಡಾರ್ ಮೇಲೆ ಹೋಯ್ತಲ್ಲ, ಅಮೆರಿಕದವರ ಜೊತೆ ಸೇರಿ?

— ನಿಸಾರ್. 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹೋಯ್ತು. ಎಲ್-ಬ್ಯಾಂಡ್ ನಾಸಾದ್ದು, ಎಸ್-ಬ್ಯಾಂಡ್ ಇಸ್ರೋದ್ದು. ಎರಡನ್ನೂ ಉಪಗ್ರಹದ ಒಡಲಿಗೆ ಜೋಡಿಸಿ ಪರೀಕ್ಷೆ ಮಾಡಿದ್ದು ಬೆಂಗಳೂರಿನಲ್ಲೇ. ಹನ್ನೆರಡು ದಿನಕ್ಕೊಮ್ಮೆ ಅದೇ ಜಾಗಕ್ಕೆ ವಾಪಸ್ ಬರುತ್ತೆ. ಟಂಡ್ರಾದ ನೆಲ ಕುಸಿಯೋದನ್ನ ನೋಡೋಕೆ ಎಲ್-ಬ್ಯಾಂಡ್ ಒಳ್ಳೆಯದು. ಎರಡು ಚಿತ್ರಗಳ ನಡುವೆ ಹುಲ್ಲು ಪೊದೆ ಅಲ್ಲಾಡಿದರೂ ಅದು ಸುಲಭಕ್ಕೆ ತಾಳ ತಪ್ಪಲ್ಲ.

— ನಮ್ಮ ದೇಶದ ಹಿಮಾದ್ರಿ ಸಂಶೋಧನಾ ಕೇಂದ್ರವೂ ಆ ಉತ್ತರದಲ್ಲೇ ಇದೆಯಲ್ಲ, ಸ್ವಾಲ್ಬಾರ್ಡಿನಲ್ಲಿ? ನಮ್ಮ ಉಪಗ್ರಹ, ನಮ್ಮ ಕೇಂದ್ರ, ಎರಡನ್ನೂ ಜೋಡಿಸಿದ್ರೆ ಚೆನ್ನಾಗಿರುತ್ತೆ.

— ಹಿಮಾದ್ರಿ 79 ಡಿಗ್ರಿ ಉತ್ತರದ ಹತ್ತಿರ ಇದೆ. ನಿಸಾರ್ ಯಾವಾಗಲೂ ಎಡಕ್ಕೇ ನೋಡೋ ಹಾಗೆ ಇಟ್ಟಿದ್ದಾರೆ, ಅಂಟಾರ್ಕ್ಟಿಕಾದ ಹಿಮ ಚೆನ್ನಾಗಿ ಸಿಗಲಿ ಅಂತ. ಅದರಿಂದ ಉತ್ತರದಲ್ಲಿ 77.5 ಡಿಗ್ರಿಯ ಮೇಲೆ ಅದಕ್ಕೆ ಕಾಣಲ್ಲ.

— ಸ್ವಂತ ಮನೆ ಬಾಗಿಲೇ ಕಾಣದ ದುರ್ಬೀನು!

— ಟಂಡ್ರಾದ ಬಹುಪಾಲು ಅದಕ್ಕಿಂತ ದಕ್ಷಿಣಕ್ಕಿದೆ, ಹಾಗಾಗಿ ದೊಡ್ಡ ನಷ್ಟ ಇಲ್ಲ. ಎನ್ವಿಸ್ಯಾಟಿನ ಜಾಗಕ್ಕೆ 2014ರಿಂದ ಸೆಂಟಿನೆಲ್-1 ಉಪಗ್ರಹಗಳು ಬಂದಿವೆ. ಅದೇ ಸಿ-ಬ್ಯಾಂಡ್, ಆದ್ರೆ ಒಂದು ಕಿಲೋಮೀಟರ್ ಹೋಗಿ ಹತ್ತಾರು ಮೀಟರಿನ ಸೂಕ್ಷ್ಮತೆ. ಚಿತ್ರ ಎಲ್ಲರಿಗೂ ಉಚಿತ.

— ಇನ್ನೊಂದು ಕೇಳ್ತೀನಿ. ಈಗ ನಮ್ಮ ಹಳ್ಳಿ ಕಡೆಯೂ ಕಾರ್ಬನ್ ಕ್ರೆಡಿಟ್ ಅಂತ ಹೇಳಿಕೊಂಡು ಜನ ಬರ್ತಾರೆ. ನಿಮ್ಮ ಹೊಲದ ಇಂಗಾಲ ಉಪಗ್ರಹದಿಂದಲೇ ಅಳೀತೀವಿ, ಸಹಿ ಹಾಕಿ ಅಂತಾರೆ. ಟಂಡ್ರಾದಲ್ಲಿ ಆದದ್ದು ಇಲ್ಲಿ ಯಾಕಾಗಲ್ಲ ಅಂತ ಯಾರಾದರೂ ಕೇಳಿದ್ರೆ ನಾನು ಏನು ಹೇಳ್ಲಿ?

— ನಾನು ಈವರೆಗೆ ಹೇಳಿದ ಒಂದೊಂದು ಷರತ್ತನ್ನೂ ಇಟ್ಟು ನೋಡಿ. ನೆಲ ಹೆಪ್ಪುಗಟ್ಟಬೇಕು, ನಮ್ಮಲ್ಲಿ ಗಟ್ಟಲ್ಲ. ಮರ ಪೊದೆ ಇರಬಾರದು, ನಮ್ಮಲ್ಲಿ ಬದುವಿನ ತುಂಬ ಇದೆ. ಮೇಲೆ ಬೆಳೆದದ್ದು ಕೆಳಗಿನ ಮಣ್ಣಿನ ಇತಿಹಾಸ ಹೇಳಬೇಕು, ನಮ್ಮ ಹೊಲದಲ್ಲಿ ಬೆಳೆದಿರೋದು ನಾವು ಈ ವರ್ಷ ಬಿತ್ತಿದ್ದು. ಒಂದು ಷರತ್ತೂ ಕೂಡಲ್ಲ. ಬೇರೆ ಉಪಗ್ರಹ, ಬೇರೆ ವಿಧಾನ ಇರಬಹುದು. ಆದ್ರೆ ನಿಮ್ಮ ಹೊಲದ ಮಣ್ಣು ತೆಗೆಯದೆ ಅಂಕಿ ಹೇಳೋರಿಗೆ ಸಹಿ ಹಾಕಬೇಡಿ.

— ನಮ್ಮದು ಬಿಡು, ಇಲ್ಲಿ ಗುದ್ದಲಿ ಹಿಡಿದ್ರೆ ಸಾಕು. ಅಲ್ಲಿ ಹೊಸ ಗುಂಡಿ ತೋಡೋರು ಇದ್ದಾರಾ?

— ಇದ್ದಾರೆ, ಕಡಿಮೆ. 2022ರ ಫೆಬ್ರವರಿಯಲ್ಲಿ ಯುಕ್ರೇನ್ ಯುದ್ಧ ಶುರುವಾದ ಮೇಲೆ ಪಾಶ್ಚಾತ್ಯ ಸಂಸ್ಥೆಗಳಿಗೂ ರಷ್ಯಾದ ಕೇಂದ್ರಗಳಿಗೂ ಇದ್ದ ಸಹಕಾರ ಬಹುಮಟ್ಟಿಗೆ ಕಡಿದುಹೋಗಿದೆ. ಪರ್ಮಾಫ್ರಾಸ್ಟಿನ ಅರ್ಧಕ್ಕಿಂತ ಹೆಚ್ಚು ಇರೋದು ರಷ್ಯಾದಲ್ಲೇ. ಬಾರ್ಚ್ ತಂಡ ತಾಳೆ ನೋಡಿದ್ದು ಈಶಾನ್ಯ ಸೈಬೀರಿಯಾದಲ್ಲಿ ಅಂದೆನಲ್ಲ, ಅಂಥ ಜಾಗಗಳಿಗೆ ಈಗ ಹೊರಗಿನವರು ಸುಲಭಕ್ಕೆ ಹೋಗೋ ಹಾಗಿಲ್ಲ.

— ರೇಡಾರಿಗೆ ವೀಸಾ ಬೇಡ, ಸುತ್ತುತ್ತೆ. ಗೆರೆ ಸರಿ ಇದೆಯಾ ಅಂತ ನೋಡೋ ಮನುಷ್ಯನಿಗೆ ಬೇಕು. ಹೊಸ ಚಿತ್ರಕ್ಕೆ ಹಳೆಯ ಗುಂಡಿ ಎಷ್ಟು ದಿನ ನಡೆಯುತ್ತೆ?

— ನಡೀತಿದೆ ದೊಡ್ಡಪ್ಪ. ಇನ್ನೂ ಕೆಲವು ವರ್ಷ ನಡೆಯುತ್ತೆ. ಆಮೇಲೆ ಪೊದೆ ಬಂದ ಜಾಗಗಳಲ್ಲಿ, ಬೆಂಕಿ ಬಿದ್ದ ಜಾಗಗಳಲ್ಲಿ ಯಾರೂ ಪರೀಕ್ಷಿಸದ ಗೆರೆಯಿಂದ ಬಂದ ನಕ್ಷೆಗಳು ಸೇರಿಕೊಳ್ಳುತ್ತವೆ. ನೋಡೋಕೆ ಅವು ಹಳೆಯದಕ್ಕಿಂತ ಚೆನ್ನಾಗಿರ್ತವೆ, ಸೂಕ್ಷ್ಮತೆ ಹೆಚ್ಚಲ್ಲ!

— ನಮ್ಮ ಲ್ಯಾಬಿನಲ್ಲಿ ಒಂದು ರೂಢಿ ಇತ್ತು. ವರದಿಯ ಮೊದಲ ಸಾಲಿನಲ್ಲೇ ಮಾದರಿ ಎಷ್ಟು, ತೆಗೆದದ್ದು ಎಲ್ಲಿ, ಯಾವ ತಾರೀಖು ಅಂತ ಬರೀಬೇಕು. ಅದಿಲ್ಲದ ವರದಿಗೆ ಯಾರೂ ಸಹಿ ಹಾಕ್ತಿರಲಿಲ್ಲ. ನೀನು ಈ ರೇಡಾರ್ ಚಿತ್ರಗಳ ಕೆಲಸದಲ್ಲೇ ಇದ್ದೀಯ. ನೀನು ಮಾಡೋ ನಕ್ಷೆಯ ಮೂಲೆಯಲ್ಲಿ ಅಳತೆಪಟ್ಟಿ, ಉತ್ತರದಿಕ್ಕಿನ ಬಾಣ ಹಾಕ್ತೀಯಲ್ಲ, ಅದರ ಪಕ್ಕದಲ್ಲಿ ಎಷ್ಟು ಗುಂಡಿ, ಎಲ್ಲೆಲ್ಲಿ, ಯಾವ ವರ್ಷ ಅಂತಲೂ ಹಾಕು. ನಕ್ಷೆ ನೋಡೋರೂ ಬಣ್ಣ ನೋಡೋಕೆ ಮುಂಚೆ ಅದನ್ನೇ ಕೇಳಲಿ.